ಸೈಲೆನ್ಸರ್ ಹಾಕಿದರೂ ಕೋವಿ ಸದ್ದು ಮಾಡುತ್ತದೆ. ಹಾಗಾದರೆ ಅದಕ್ಕೇಕೆ ಪರವಾನಗಿ?

2026ರ ಜನವರಿ 1ರಿಂದ ಅಮೆರಿಕದಲ್ಲಿ ಬಂದೂಕಿನ ಸೈಲೆನ್ಸರ್ ಮೇಲಿದ್ದ 200 ಡಾಲರ್ ತೆರಿಗೆ ಸೊನ್ನೆಗೆ ಇಳಿದಿದೆ. ಅದಕ್ಕೂ ಮೊದಲು, 2025ರಲ್ಲಿ, ಬ್ರಿಟನ್ ಸರ್ಕಾರ ಬೇಟೆಯ ರೈಫಲ್‌ಗಳಿಗೆ ಹಾಕುವ ಸೈಲೆನ್ಸರನ್ನು ಪರವಾನಗಿಯ ಪಟ್ಟಿಯಿಂದಲೇ ಕೈಬಿಡುವ ಉದ್ದೇಶ ಪ್ರಕಟಿಸಿತ್ತು. ಇಂತಹ ಸುದ್ದಿ ಓದಿದವರಿಗೆ ಗಾಬರಿಯಾಗುವುದು ಸಹಜ. ಬಂದೂಕಿನ ಹಾವಳಿಯಿಂದ ನರಳುವ ಜಗತ್ತಿನಲ್ಲಿ, ಸದ್ದಿಲ್ಲದೆ ಕೊಲ್ಲುವ ಸಾಧನವನ್ನು ಯಾರಾದರೂ ಸಲೀಸು ಮಾಡುತ್ತಾರೆಯೇ?

ಆ ಪ್ರಶ್ನೆಯೊಳಗೇ ಒಂದು ತಪ್ಪು ಕಲ್ಪನೆ ಅಡಗಿದೆ. ನಮ್ಮಲ್ಲಿ ಹೆಚ್ಚಿನವರು ಸೈಲೆನ್ಸರ್ ಕಂಡಿರುವುದು ಸಿನಿಮಾದಲ್ಲಿ. ಖಳನಾಯಕ ಪಿಸ್ತೂಲಿನ ತುದಿಗೆ ಕಪ್ಪು ಕೊಳವೆಯೊಂದನ್ನು ತಿರುಗಿಸಿ ಕೂರಿಸುತ್ತಾನೆ, ‘ಪುಸ್’ ಎಂಬ ಸದ್ದು ಬರುತ್ತದೆ, ಪಕ್ಕದ ಕೋಣೆಯಲ್ಲಿದ್ದವರಿಗೂ ಗೊತ್ತಾಗುವುದಿಲ್ಲ. ನಿಜವಾದ ಬೇಟೆಯ ರೈಫಲ್‌ನಲ್ಲಿ ಹಾಗೆ ಆಗುವುದಿಲ್ಲ, ಆಗುವುದು ಸಾಧ್ಯವೂ ಇಲ್ಲ. ಏಕೆ ಸಾಧ್ಯವಿಲ್ಲ ಎಂಬುದು ತಿಳಿದರೆ, ಒಂದೊಂದು ದೇಶ ಒಂದೊಂದು ಕಾನೂನು ಮಾಡಿರುವುದರ ಹಿಂದಿನ ತರ್ಕವೂ ಬಿಡಿಸಿಕೊಳ್ಳುತ್ತದೆ.

ಬ್ರಿಟನ್ನಿನ ಬೇಟೆಗಾರರು ಇದನ್ನು ಸೈಲೆನ್ಸರ್ ಎನ್ನುವುದಕ್ಕಿಂತ ‘ಸೌಂಡ್ ಮಾಡರೇಟರ್’ ಎನ್ನುವುದೇ ಹೆಚ್ಚು. ಸದ್ದನ್ನು ಇಲ್ಲವಾಗಿಸುವುದಲ್ಲ, ಹದಕ್ಕೆ ತರುವುದು ಎಂಬ ಅರ್ಥ. ವಸ್ತುವಿನ ಕೆಲಸಕ್ಕೆ ಒಪ್ಪುವ ಹೆಸರು ಅದೇ ಆದ್ದರಿಂದ ನಾನೂ ಮುಂದೆ ಮಾಡರೇಟರ್ ಎಂದೇ ಬರೆಯುತ್ತೇನೆ.

ಅಪ್ಪನ ಕೋವಿ, ಮಗನ ಕೊಳವೆ

ಹೈರಮ್ ಮ್ಯಾಕ್ಸಿಮ್ ಎಂಬಾತ 1884ರ ಸುಮಾರಿಗೆ ಮೊದಲ ಸ್ವಯಂಚಾಲಿತ ಮಷೀನ್‌ಗನ್ ರೂಪಿಸಿದ. ವರ್ಷಗಟ್ಟಲೆ ತನ್ನದೇ ಕೋವಿಗಳ ಸದ್ದು ಕೇಳಿ ಕೇಳಿ ಕೊನೆಗಾಲದಲ್ಲಿ ಕಿವುಡನಾದ. ಅವನ ಮಗ ಹೈರಮ್ ಪರ್ಸಿ ಮ್ಯಾಕ್ಸಿಮ್ ಅಮೆರಿಕದಲ್ಲಿ ಎಂಜಿನಿಯರ್. ಬಂದೂಕಿನ ಸದ್ದು ತಗ್ಗಿಸುವ ಕೊಳವೆಗೆ ಈ ಮಗ 1909ರಲ್ಲಿ ಪೇಟೆಂಟ್ ಪಡೆದ. ಎಂಜಿನ್ನಿನ ಸದ್ದು ಅಡಗಿಸುವ ಸಾಧನಗಳ ಮೇಲೂ ಅವನು ಕೆಲಸ ಮಾಡಿದ್ದ. ಎರಡರ ಹಿಂದಿನ ವಿದ್ಯೆ ಒಂದೇ.

ಬೈಕಿನ ಸೈಲೆನ್ಸರ್ ಬಿಚ್ಚಿ ಓಡಿಸಿದರೆ ಏನಾಗುತ್ತದೆ ಎಂಬುದು ನಮಗೆ ಚೆನ್ನಾಗಿ ಗೊತ್ತು. ರಾತ್ರಿ ಹನ್ನೆರಡಕ್ಕೆ ಬೀದಿಯನ್ನೆಲ್ಲ ಎಬ್ಬಿಸುವ ಬುಲೆಟ್ ಗಾಡಿಗಳ ಮಾರ್ಪಡಿಸಿದ ಸೈಲೆನ್ಸರ್‌ಗಳನ್ನು ಪೊಲೀಸರು ಕಿತ್ತು ರಸ್ತೆಯ ಮೇಲೆ ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸುವ ಚಿತ್ರಗಳು ಆಗಾಗ ಪತ್ರಿಕೆಯಲ್ಲಿ ಬರುತ್ತವೆ. ವಾಹನಕ್ಕೆ ಸರಿಯಾದ ಸೈಲೆನ್ಸರ್ ಇಲ್ಲದಿರುವುದು ಅಪರಾಧ, ಬಂದೂಕಿಗೆ ಅದು ಇರುವುದು ಹಲವು ದೇಶಗಳಲ್ಲಿ ಅಪರಾಧ. ಎರಡೂ ಒಂದೇ ಭೌತವಿಜ್ಞಾನದ ಕೂಸುಗಳು.

ಒಂದು ಈಡಿನಲ್ಲಿ ಎಷ್ಟು ಸದ್ದು?

ದೂರದಲ್ಲಿ ಕೋವಿ ಹಾರಿದಾಗ ನಮಗೆ ‘ಢಂ’ ಎಂಬ ಒಂದೇ ಸದ್ದು ಕೇಳುತ್ತದೆ. ಆದರೆ ಅದರೊಳಗೆ ಕನಿಷ್ಠ ಮೂರು ಸದ್ದುಗಳಿವೆ.

ಮೊದಲನೆಯದು ನಳಿಗೆಯ ಬಾಯಿಯಲ್ಲಿ ಹುಟ್ಟುವ ಸ್ಫೋಟ. ತೋಟಾದ ಮದ್ದು ಉರಿದಾಗ ಉಂಟಾಗುವ ಅನಿಲ, ದೊಡ್ಡ ರೈಫಲ್‌ನ ಒಳಗೆ ವಾತಾವರಣದ ಒತ್ತಡದ ಮೂರರಿಂದ ನಾಲ್ಕು ಸಾವಿರ ಪಟ್ಟು ಒತ್ತಡಕ್ಕೆ ಏರುತ್ತದೆ. ಅದೇ ಗುಂಡನ್ನು ತಳ್ಳುವುದು. ಗುಂಡು ನಳಿಗೆಯಿಂದ ಹೊರಬೀಳುವ ಹೊತ್ತಿಗೂ ಆ ಅನಿಲದಲ್ಲಿ ನೂರಾರು ಪಟ್ಟು ಒತ್ತಡ ಉಳಿದಿರುತ್ತದೆ. ಬಿರಡೆ ಕಿತ್ತ ಸೀಸೆಯಂತೆ ಅದು ಒಮ್ಮೆಲೇ ಹೊರಗಿನ ಗಾಳಿಗೆ ಅಪ್ಪಳಿಸುತ್ತದೆ. ಬಲೂನಿಗೆ ಸೂಜಿ ಚುಚ್ಚಿದರೆ ‘ಟಪ್’ ಎನ್ನುತ್ತದೆ, ಅದೇ ಬಲೂನಿನ ಬಾಯಿ ಸಡಿಲಿಸಿದರೆ ‘ಸುಯ್’ ಎನ್ನುತ್ತದೆ. ಗಾಳಿ ಅಷ್ಟೇ, ಹೊರಬರುವ ವೇಗ ಬೇರೆ.

ಎರಡನೆಯದು ಗುಂಡು ಗಾಳಿಯಲ್ಲಿ ಮಾಡುವ ಸದ್ದು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಜಿಂಕೆ ಬೇಟೆಯಲ್ಲಿ ಹೆಚ್ಚು ಬಳಕೆಯಾಗುವ .308 ರೈಫಲ್‌ನ ಗುಂಡು ಸೆಕೆಂಡಿಗೆ 800 ಮೀಟರ್ ಆಸುಪಾಸಿನಲ್ಲಿ ಹಾರುತ್ತದೆ. ಶಬ್ದಕ್ಕಿಂತ ವೇಗವಾಗಿ ಹೋಗುವ ಯಾವ ವಸ್ತುವೂ ತನ್ನ ಹಿಂದೆ ಆಘಾತದ ಅಲೆಯೊಂದನ್ನು ಎಳೆದುಕೊಂಡು ಹೋಗುತ್ತದೆ. ದುರುಗಮುರುಗಿಯವರು ಚಾಟಿ ಬೀಸಿದಾಗ ಕೇಳುವ ‘ಛಟೀರ್’ ಇದೇ. ಚಾಟಿಯ ತುದಿ ಒಂದು ಕ್ಷಣ ಶಬ್ದದ ವೇಗವನ್ನು ದಾಟಿರುತ್ತದೆ. 2020ರ ಮೇ 20ರಂದು ಬೆಂಗಳೂರಿನ ಕಿಟಕಿಗಳನ್ನೆಲ್ಲ ನಡುಗಿಸಿ, ಭೂಕಂಪವೆಂದು ಜನ ಮನೆಯಿಂದ ಹೊರಗೆ ಬರುವಂತೆ ಮಾಡಿದ ಸದ್ದೂ ಇದೇ ಜಾತಿಯದು. ಅದು ವಾಯುಪಡೆಯ ಪರೀಕ್ಷಾ ವಿಮಾನದ ಹಾರಾಟದ್ದು ಎಂದು ಆಮೇಲೆ ತಿಳಿಯಿತು.

ಮೂರನೆಯದು ಸಣ್ಣಪುಟ್ಟ ಸದ್ದು: ಕೋವಿಯ ಕುದುರೆ (ಟ್ರಿಗರ್) ಎಳೆದಾಗಿನ ಲೋಹದ ಟಿಕ್, ಗುಂಡು ಗುರಿಗೆ ಬಡಿದಾಗಿನ ಧಪ್.

ಮಾಡರೇಟರ್ ಮುಟ್ಟಬಲ್ಲದ್ದು ಮೊದಲನೆಯದನ್ನು ಮಾತ್ರ. ಗುಂಡು ಅದನ್ನು ದಾಟಿ ಹೋದ ಮೇಲೆ ದಾರಿಯುದ್ದಕ್ಕೂ ಹೊಡೆಯುವ ಚಾಟಿಯ ಸದ್ದಿಗೆ ಅದರಲ್ಲಿ ಮದ್ದಿಲ್ಲ.

ಕೊಳವೆಯ ಒಳಗೆ ಏನಿದೆ?

ಉಕ್ಕು, ಅಲ್ಯೂಮಿನಿಯಂ ಅಥವಾ ಟೈಟಾನಿಯಂನಿಂದ ಮಾಡಿದ, ಒಂದು ಗೇಣಿನ ಆಸುಪಾಸಿನ ಕೊಳವೆ. ಒಳಗೆ ಒಂದರ ಹಿಂದೊಂದು ಜೋಡಿಸಿದ, ನಡುವೆ ತೂತಿರುವ ಬಿಲ್ಲೆಗಳು. ಬಹುಪಾಲು ಆಲಿಕೆಯ ಆಕಾರದವು. ಗುಂಡು ಈ ತೂತುಗಳ ಮೂಲಕ ಯಾವುದನ್ನೂ ಮುಟ್ಟದೆ ನೇರವಾಗಿ ಹೋಗುತ್ತದೆ. ಅದರ ಬೆನ್ನ ಹಿಂದಿನ ಬಿಸಿ ಅನಿಲಕ್ಕೆ ಆ ಅನುಕೂಲವಿಲ್ಲ. ಅದು ಬಿಲ್ಲೆಗಳ ನಡುವಿನ ಕೋಣೆಗಳಲ್ಲಿ ಸುಳಿದು, ಹಿಗ್ಗಿ, ಲೋಹಕ್ಕೆ ಶಾಖ ಕೊಟ್ಟು ತಣ್ಣಗಾಗಿ, ಕೊನೆಗೆ ನಿಧಾನವಾಗಿ ಹೊರಬರುತ್ತದೆ. ಕುಕ್ಕರಿನ ಮುಚ್ಚಳ ಒಮ್ಮೆಲೇ ಹಾರಿಹೋಗುವುದಕ್ಕೂ ಸೀಟಿಯ ಮೂಲಕ ಹಬೆ ಹೋಗುವುದಕ್ಕೂ ಇರುವ ಅಂತರ ಇದು.

ಇಷ್ಟೆಲ್ಲ ನಡೆಯುವುದು ಸೆಕೆಂಡಿನ ಒಂದು ಅಲ್ಪ ತುಣುಕಿನಲ್ಲಿ. ಹಾಗಾಗಿ ಬಿಲ್ಲೆಗಳು ಕೂದಲೆಳೆಯಷ್ಟೂ ವಾಲಿರಬಾರದು. ವಾಲಿದರೆ ಗುಂಡು ತಾಗಿ ಕೊಳವೆಯೇ ಛಿದ್ರವಾಗುತ್ತದೆ. ಮಾಡರೇಟರ್ ಕೂರಿಸಲು ನಳಿಗೆಯ ತುದಿಗೆ ಥ್ರೆಡ್ ಕಡೆಯಬೇಕು. ಬ್ರಿಟನ್‌ನಲ್ಲಿ ಹೀಗೆ ಥ್ರೆಡ್ ಕಡೆದ ನಳಿಗೆಯನ್ನು ಮಾರುವ ಮುನ್ನ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸ್‌ನಲ್ಲಿ ಹೆಚ್ಚಿನ ಒತ್ತಡದ ತೋಟಾ ಹಾರಿಸಿ ಪರೀಕ್ಷಿಸಿ, ಮುದ್ರೆ ಒತ್ತಿಸಬೇಕು.

ಡೆಸಿಬೆಲ್ ಲೆಕ್ಕದ ಮೋಸ

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ವಿಷಯದ ಜಗಳವೆಲ್ಲ ಇದೇ ಅಂಕಿಗಳ ಸುತ್ತ ನಡೆಯುತ್ತದೆ.

ಬೇಟೆಯ ರೈಫಲ್ ಹಾರಿಸಿದವನ ಕಿವಿಯ ಬಳಿ ಸದ್ದಿನ ಉತ್ತುಂಗ ಸುಮಾರು 160ರಿಂದ 170 ಡೆಸಿಬೆಲ್. ಒಳ್ಳೆಯ ಮಾಡರೇಟರ್ ಅದರಲ್ಲಿ 20ರಿಂದ 35 ಡೆಸಿಬೆಲ್ ಕಡಿಮೆ ಮಾಡುತ್ತದೆ. ಅಂದರೆ ಉಳಿಯುವುದು ಹೆಚ್ಚುಕಡಿಮೆ 135–140. ‘170ರಲ್ಲಿ 30 ಹೋದರೆ ಏನು ಮಹಾ’ ಎನಿಸಬಹುದು. ಆದರೆ ಡೆಸಿಬೆಲ್ ಎಂಬುದು ಕಿಲೋಗ್ರಾಂನಂತೆ ಕೂಡಿ ಕಳೆಯುವ ಅಳತೆಯಲ್ಲ. ಪ್ರತಿ 10 ಡೆಸಿಬೆಲ್‌ಗೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. ಹಾಗಾಗಿ 30 ಡೆಸಿಬೆಲ್ ಇಳಿದರೆ ಕಿವಿಗೆ ಬಡಿಯುವ ಶಕ್ತಿ ಸಾವಿರದ ಒಂದು ಭಾಗಕ್ಕೆ ಇಳಿದಂತೆ.

ಹಾಗೆಂದು ಅದು ಮೌನವೂ ಅಲ್ಲ. ನಮ್ಮ ದೇಶದಲ್ಲಿ ಪಟಾಕಿಗೆ ವಿಧಿಸಿರುವ ಮಿತಿಯನ್ನೇ ನೋಡಿ: ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ ಉತ್ತುಂಗದ ಸದ್ದು 145 ಡೆಸಿಬೆಲ್ ಮೀರಬಾರದು. ಮಾಡರೇಟರ್ ಹಾಕಿದ ಜಿಂಕೆ ಬೇಟೆಯ ರೈಫಲ್, ದೀಪಾವಳಿಯಲ್ಲಿ ಅಂಗಳದಲ್ಲಿ ಹಚ್ಚುವ ದೊಡ್ಡ ಪಟಾಕಿಯ ಸಾಲಿಗೆ ಸೇರುತ್ತದೆಯೇ ಹೊರತು ಸಿನಿಮಾದ ‘ಪುಸ್’ ಸಾಲಿಗಲ್ಲ.

ಕಿವಿಯ ಮಟ್ಟಿಗೆ ಮುಖ್ಯವಾದ ಗಡಿ 140. ಒಮ್ಮೆಲೇ ಬಡಿಯುವ ಸದ್ದು ಅದನ್ನು ಮೀರಿದರೆ ಒಂದೇ ಬಾರಿಗೆ ಶಾಶ್ವತ ಹಾನಿಯಾಗಬಹುದು ಎಂದು ವೈದ್ಯರು ಎಚ್ಚರಿಸುತ್ತಾರೆ. ಬ್ರಿಟನ್ನಿನ 2005ರ ಕಾರ್ಯಸ್ಥಳದ ಶಬ್ದ ನಿಯಮಗಳು ಕೆಲಸಗಾರನ ಕಿವಿಗೆ ಅದಕ್ಕಿಂತ ಹೆಚ್ಚು ಬೀಳುವಂತಿಲ್ಲ ಎನ್ನುತ್ತವೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಉಳಿಯುವುದು ಕಿವುಡು, ಅಥವಾ ಹಗಲಿರುಳು ‘ಗುಂಯ್’ ಎನ್ನುವ ಕಿವಿ. ಆ 140ರ ಗೆರೆಯ ಆಚೆಗಿನ ರೈಫಲನ್ನು ಈಚೆಗೆ, ಅಥವಾ ಗೆರೆಯ ಸಮೀಪಕ್ಕೆ ತರುವುದೇ ಮಾಡರೇಟರ್‌ನ ಕೆಲಸ. ಗೆರೆ ದಾಟುವುದು ತೀರಾ ಕೂದಲೆಳೆಯ ಅಂತರದಲ್ಲಾದ್ದರಿಂದ, ಮಾಡರೇಟರ್ ಇದ್ದರೂ ಕಿವಿಗೆ ರಕ್ಷಣೆ ಹಾಕಿಕೊಳ್ಳುವುದು ಒಳ್ಳೆಯದು.

ಜಿಂಕೆಯ ಕಾನೂನೇ ಸದ್ದನ್ನು ಕಡ್ಡಾಯ ಮಾಡಿದೆ

‘ಶಬ್ದಕ್ಕಿಂತ ನಿಧಾನದ ಗುಂಡು ಬಳಸಿದರೆ ಚಾಟಿಯ ಸದ್ದೂ ಇರುವುದಿಲ್ಲವಲ್ಲ?’ ಎಂದು ಕೇಳಬಹುದು. ಹೌದು, ಅಂತಹ ತೋಟಾಗಳಿವೆ. ಮೊಲ ಹೊಡೆಯುವ .22 ರೈಫಲ್‌ಗೆ ನಿಧಾನದ ತೋಟಾ ತುಂಬಿ ಮಾಡರೇಟರ್ ಹಾಕಿದರೆ ಸದ್ದು ಏರ್‌ಗನ್ನಿನ ಮಟ್ಟಕ್ಕೆ ಇಳಿಯುತ್ತದೆ. ಸಿನಿಮಾದ ಕಲ್ಪನೆಗೆ ಹತ್ತಿರ ಬರುವುದು ಇಂತಹ ಜೋಡಿ. ಕಳ್ಳಬೇಟೆಯ ಭಯ ಇರುವವರು ಬೊಟ್ಟು ಮಾಡುವುದೂ ಇದನ್ನೇ, ಆ ಭಯ ನಿರಾಧಾರವೂ ಅಲ್ಲ.

ಆದರೆ ಜಿಂಕೆಗೆ ಅದು ಸಲ್ಲದು. ಪ್ರಾಣಿ ಗಾಯಗೊಂಡು ನರಳಬಾರದು, ಒಂದೇ ಗುಂಡಿಗೆ ಸಾಯಬೇಕು ಎಂಬ ಕಾಳಜಿಯಿಂದ ಬ್ರಿಟನ್ನಿನ ಜಿಂಕೆ ಕಾನೂನು ಗುಂಡಿಗೆ ಕನಿಷ್ಠ ಬಲವನ್ನು ಗೊತ್ತುಪಡಿಸಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದೊಡ್ಡ ಜಿಂಕೆಗಳಿಗೆ 1,700 ಅಡಿ-ಪೌಂಡ್, ಅಂದರೆ ಸುಮಾರು 2,300 ಜೌಲ್ ಶಕ್ತಿ ಬೇಕು. ಆರೂವರೆ ಗ್ರಾಂ ತೂಕದ ಗುಂಡನ್ನು ಶಬ್ದದ ವೇಗದಲ್ಲೇ ಹಾರಿಸಿದರೂ ಸಿಗುವುದು ಸುಮಾರು 375 ಜೌಲ್; ಬೇಕಾದುದರ ಆರನೆಯ ಒಂದು ಭಾಗ. ಸ್ಕಾಟ್ಲೆಂಡ್ ಇನ್ನೂ ನೇರವಾಗಿ ವೇಗವನ್ನೇ ಬರೆದಿಟ್ಟಿದೆ: ಸೆಕೆಂಡಿಗೆ 2,450 ಅಡಿ. ಅದು ಶಬ್ದದ ವೇಗದ ಎರಡು ಪಟ್ಟಿಗಿಂತ ಹೆಚ್ಚು. ಹೀಗೆ, ಜಿಂಕೆಯ ಮೇಲಿನ ಕರುಣೆಯಿಂದ ಹುಟ್ಟಿದ ನಿಯಮವೇ ಅಲ್ಲಿನ ರೈಫಲ್ ಎಂದೂ ಮೂಕವಾಗದಂತೆ ನೋಡಿಕೊಂಡಿದೆ. ಮಾಡರೇಟರ್ ಕುರಿತ ಚರ್ಚೆಯಲ್ಲಿ ಈ ಅಂಶ ಕಾಣಿಸುವುದು ಅಪರೂಪ. ನನಗಂತೂ ಇದೇ ಇಡೀ ವಿಷಯದ ಕೀಲಿ ಎನಿಸುತ್ತದೆ.

ಹಾಗಾದರೆ ಯಾರಿಗೆ ಬೇಕು?

ಬ್ರಿಟನ್‌ನಲ್ಲಿ ತೋಳ, ಕರಡಿಗಳು ಶತಮಾನಗಳ ಹಿಂದೆಯೇ ಅಳಿದವು. ಜಿಂಕೆಗಳನ್ನು ತಿನ್ನುವ ಪ್ರಾಣಿಯೇ ಇಲ್ಲ. ಈಗ ಅಲ್ಲಿ ಸುಮಾರು 20 ಲಕ್ಷ ಜಿಂಕೆಗಳಿವೆ ಎಂಬ ಅಂದಾಜಿದೆ. ನೆಟ್ಟ ಸಸಿಗಳ ಕುಡಿ ಕಡಿದು, ಬೆಳೆ ಮೇಯ್ದು, ರಸ್ತೆಗೆ ಅಡ್ಡ ಬಂದು ಅವು ತರುವ ನಷ್ಟ ದೊಡ್ಡದು. ನಮ್ಮ ಕಾಡುಕುರಿಯ ಹತ್ತಿರದ ನೆಂಟನಾದ, ಚೀನಾದಿಂದ ತಂದು ಬಿಟ್ಟ ಪುಟ್ಟ ಜಿಂಕೆಯೂ ಅಲ್ಲಿನ ಕಾಡಿನ ನೆಲಗಿಡಗಳನ್ನು ಬೋಳಿಸುತ್ತದೆ. ಹಾಗಾಗಿ ಅಲ್ಲಿ ಜಿಂಕೆ ಹೊಡೆಯುವುದು ಹಲವರಿಗೆ ಸಂಬಳದ ಕೆಲಸ. ಕಾಡಿನ ಇಲಾಖೆಯಲ್ಲೋ ಎಸ್ಟೇಟಿನಲ್ಲೋ ದುಡಿಯುವ ಅಂಥವನಿಗೆ ಮಾಡರೇಟರ್ ಎಂದರೆ ಗಿರಣಿ ಕಾರ್ಮಿಕನಿಗೆ ಕೊಡುವ ಕಿವಿಮುಚ್ಚುಗೆಯ ಹಾಗೆ.

ಕಿವಿಮುಚ್ಚುಗೆಯನ್ನೇ ಹಾಕಿಕೊಳ್ಳಬಾರದೇಕೆ? ಹಾಕಿಕೊಳ್ಳಬಹುದು. ಆದರೆ ಪೊದೆಯ ಸರಸರ ಕೇಳದವನು ಬೇಟೆಗಾರನಾಗಲಾರ, ಹಿಂದೆ ಯಾರೋ ನಡೆದು ಬರುವುದು ಕೇಳದವನು ಸುರಕ್ಷಿತ ಬೇಟೆಗಾರನೂ ಅಲ್ಲ. ಜೊತೆಗಿರುವ ನಾಯಿಯ ಕಿವಿಗೆ ಮುಚ್ಚುಗೆ ಹಾಕುವುದೂ ಆಗದ ಮಾತು. ಇನ್ನೂ ಒಂದು ಲಾಭವಿದೆ: ಕೋವಿ ಹೆಗಲಿಗೆ ಒದೆಯುವುದು ಕಡಿಮೆಯಾಗುತ್ತದೆ. ಒದೆತಕ್ಕೆ ಹೆದರಿ ಕುದುರೆ ಎಳೆಯುವಾಗ ಬೆಚ್ಚುವವನ ಗುರಿ ತಪ್ಪುತ್ತದೆ, ತಪ್ಪಿದ ಗುಂಡು ಪ್ರಾಣಿಯನ್ನು ಗಾಯಗೊಳಿಸುತ್ತದೆ. ಊರಿನ ಅಂಚಿನಲ್ಲಿ ಬೆಳಗಿನ ಜಾವ ಬೇಟೆ ನಡೆಯುವಾಗ ಅಕ್ಕಪಕ್ಕದವರ ನಿದ್ದೆಯೂ ಉಳಿಯುತ್ತದೆ.

ತೊಂದರೆಗಳೂ ಇವೆ. ತುದಿಯಲ್ಲಿ ಭಾರ ಕೂತು ಕೋವಿ ಉದ್ದವಾಗುತ್ತದೆ, ಗುಂಡು ಬೀಳುವ ಜಾಗ ಬದಲಾಗುವುದರಿಂದ ಗುರಿ ಹೊಸದಾಗಿ ಹೊಂದಿಸಬೇಕು, ಒಳಗೆ ನಿಂತ ತೇವ ಮತ್ತು ಮಸಿಯಿಂದ ತುಕ್ಕು ಹಿಡಿಯುತ್ತದೆ.

ಬ್ರಿಟನ್‌ನಲ್ಲಿ ಅನುಮತಿಯ ದಾರಿ

1968ರ ಬಂದೂಕು ಕಾಯ್ದೆಯ ಪ್ರಕಾರ ಗುಂಡು ಹಾರಿಸುವ ಆಯುಧ ಮಾತ್ರವಲ್ಲ, ಅದರ ಸದ್ದನ್ನೋ ಬೆಳಕನ್ನೋ ತಗ್ಗಿಸಲು ಮಾಡಿದ ಉಪಕರಣವೂ ‘ಬಂದೂಕು’. ಖಾಲಿ ಕೊಳವೆಯೊಂದು ಕಾನೂನಿನ ಕಣ್ಣಿಗೆ ರೈಫಲ್‌ಗೆ ಸಮ. ಆದ್ದರಿಂದ ರೈಫಲ್‌ಗೆ ಪ್ರಮಾಣಪತ್ರ ಇದ್ದರೆ ಸಾಲದು, ಮಾಡರೇಟರನ್ನೂ ಅದರಲ್ಲಿ ಬೇರೆ ಸಾಲಾಗಿ ಬರೆಸಬೇಕು.

ಅರ್ಜಿ ಹೋಗುವುದು ಸ್ಥಳೀಯ ಪೊಲೀಸ್ ಮುಖ್ಯಸ್ಥರಿಗೆ. ಹೊಸ ಪ್ರಮಾಣಪತ್ರದ ಶುಲ್ಕ 2025ರ ಫೆಬ್ರವರಿಯಿಂದ 198 ಪೌಂಡ್. ಅರ್ಜಿದಾರನ ಪರವಾಗಿ ಇಬ್ಬರು ಪರಿಚಿತರು ಹೇಳಿಕೆ ಕೊಡಬೇಕು, ವೈದ್ಯರು ಆರೋಗ್ಯದ, ಅದರಲ್ಲೂ ಮನಸ್ಸಿನ ಆರೋಗ್ಯದ ಮಾಹಿತಿ ಕೊಡಬೇಕು, ಪೊಲೀಸರು ಮನೆಗೆ ಬಂದು ಬಂದೂಕಿನ ಬೀರು ಗೋಡೆಗೆ ಭದ್ರವಾಗಿದೆಯೇ ಎಂದು ನೋಡುತ್ತಾರೆ. ಎಲ್ಲಕ್ಕಿಂತ ಮುಖ್ಯ, ‘ತಕ್ಕ ಕಾರಣ’ ತೋರಿಸಬೇಕು: ಯಾವ ಜಮೀನಿನಲ್ಲಿ, ಯಾವ ಪ್ರಾಣಿಗಾಗಿ, ಒಡೆಯನ ಒಪ್ಪಿಗೆ ಇದೆಯೇ. ಪ್ರಮಾಣಪತ್ರದ ಅವಧಿ ಐದು ವರ್ಷ.

ಇಷ್ಟು ದಾಟಿದವನಿಗೆ ಮಾಡರೇಟರ್‌ಗೆ ಕಾರಣ ಕೊಡುವುದು ಕಷ್ಟವಲ್ಲ. ಕಿವಿಯ ರಕ್ಷಣೆ ಸಾಕಷ್ಟು ಒಳ್ಳೆಯ ಕಾರಣವೆಂದು ಪೊಲೀಸರೂ ಒಪ್ಪುತ್ತಾರೆ. ಆದರೆ ಕಾಗದದ ಕೆಲಸ ಮುಗಿಯುವುದಿಲ್ಲ. ಆಮೇಲೆ ಇನ್ನೊಂದು ಬೇಕೆನಿಸಿದರೆ ಪ್ರಮಾಣಪತ್ರಕ್ಕೆ ತಿದ್ದುಪಡಿ, ಕೊಂಡಾಗ ಅಂಗಡಿಯವರ ನಮೂದು, ಪೊಲೀಸರಿಗೆ ಏಳು ದಿನದೊಳಗೆ ಸೂಚನೆ. ಮಾಡರೇಟರನ್ನೂ ಬಂದೂಕಿನಂತೆಯೇ ಬೀಗ ಹಾಕಿ ಇಡಬೇಕು. ರೈಫಲ್ ಹೊಂದಲು ಯೋಗ್ಯನೆಂದು ಒಪ್ಪಿದವನನ್ನೇ ಗುಂಡು ಹಾರಿಸಲಾರದ ಕೊಳವೆಗಾಗಿ ಮತ್ತೆ ಪರಿಶೀಲಿಸುವುದರಲ್ಲಿ ಪೊಲೀಸರ ಸಮಯ ವ್ಯರ್ಥ ಎಂಬುದೇ 2025ರ ಪ್ರಸ್ತಾವದ ಹಿಂದಿನ ವಾದ. ಕಾನೂನು ತಿದ್ದುಪಡಿ ಜಾರಿಯಾಗುವವರೆಗೆ ಹಳೆಯ ನಿಯಮವೇ ನಡೆಯುತ್ತದೆ. ಏರ್‌ಗನ್ ಮತ್ತು ಸಾಮಾನ್ಯ ಶಾಟ್‌ಗನ್ನಿನ ಮಾಡರೇಟರ್‌ಗಳಿಗೆ ಈ ನಮೂದು ಮೊದಲಿನಿಂದಲೂ ಬೇಕಿಲ್ಲ.

ಬೇರೆ ದೇಶಗಳಲ್ಲಿ

ನಾರ್ವೆಯಲ್ಲಿ ಮಾಡರೇಟರ್‌ಗೆ ಪರವಾನಗಿಯೇ ಬೇಡ. ನ್ಯೂಜಿಲೆಂಡ್‌ನಲ್ಲೂ ಅಂಗಡಿಯಲ್ಲಿ ಸಾಮಾನ್ಯ ಸರಕಿನಂತೆ ಸಿಗುತ್ತದೆ. ಅಲ್ಲಿ ಅದನ್ನು ನೆರೆಹೊರೆಗೆ ತೋರುವ ಮರ್ಯಾದೆ ಎಂದೇ ನೋಡುತ್ತಾರೆ. ಜರ್ಮನಿ ದೀರ್ಘಕಾಲ ಬಿಗಿಯಾಗಿದ್ದು, 2020ರಲ್ಲಿ ಬೇಟೆ ಪರವಾನಗಿ ಇರುವವರಿಗೆ ದಾರಿ ತೆರೆಯಿತು.

ಅಮೆರಿಕದ ಕಥೆ ಬೇರೆ. ಮದ್ಯನಿಷೇಧದ ಕಾಲದ ಗುಂಪುಗಳ ಹೊಡೆದಾಟ ಕಂಡು ಬೆಚ್ಚಿದ್ದ ಆ ದೇಶ 1934ರ ಕಾಯ್ದೆಯಲ್ಲಿ ಮಷೀನ್‌ಗನ್ನಿನ ಜೊತೆಗೆ ಸೈಲೆನ್ಸರನ್ನೂ ಸೇರಿಸಿ 200 ಡಾಲರ್ ತೆರಿಗೆ ಹಾಕಿತು. ಆ ಕಾಲಕ್ಕೆ ಅದು ಸಾಮಾನ್ಯರ ಕೈಗೆ ಎಟುಕದ ಮೊತ್ತ. ಮೊತ್ತವನ್ನು ಮುಂದೆ ಏರಿಸಲೇ ಇಲ್ಲ, ಹಣದುಬ್ಬರ ಅದರ ಹಲ್ಲು ಕಿತ್ತಿತು. ಈಗ ತೆರಿಗೆ ಹೋಗಿದ್ದರೂ ಬೆರಳಚ್ಚು, ಭಾವಚಿತ್ರ, ಹಿನ್ನೆಲೆ ಪರಿಶೀಲನೆ, ಕೇಂದ್ರದ ನೋಂದಣಿ ಉಳಿದಿವೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ ಸೇರಿ ಎಂಟು ರಾಜ್ಯಗಳಲ್ಲಿ ಖಾಸಗಿಯವರಿಗೆ ನಿಷೇಧವೂ ಇದೆ. ವಿರೋಧಿಸುವವರು 2019ರ ವರ್ಜೀನಿಯಾ ಬೀಚ್ ಹತ್ಯಾಕಾಂಡವನ್ನು ನೆನಪಿಸುತ್ತಾರೆ. ಅಲ್ಲಿ 12 ಜನರನ್ನು ಕೊಂದವನ ಪಿಸ್ತೂಲಿಗೆ ಸೈಲೆನ್ಸರ್ ಇತ್ತು. ಪಿಸ್ತೂಲಿನ ಗುಂಡು ಹಲವು ಬಾರಿ ಶಬ್ದಕ್ಕಿಂತ ನಿಧಾನ. ರೈಫಲ್ ಕುರಿತು ಮೇಲೆ ಹೇಳಿದ ಚಾಟಿಯ ಸದ್ದಿನ ಮಾತು ಅದಕ್ಕೆ ಹಾಗೇ ಅನ್ವಯಿಸುವುದಿಲ್ಲ. ಬೇಟೆಯ ರೈಫಲ್ ಮತ್ತು ನಗರದ ಪಿಸ್ತೂಲು ಎರಡನ್ನೂ ಒಂದೇ ಕಾನೂನಿನಲ್ಲಿ ಅಳೆಯುವಾಗ ಬರುವ ತೊಡಕು ಇಲ್ಲಿದೆ.

ನಮ್ಮಲ್ಲಿ

ಭಾರತದ 1959ರ ಆಯುಧ ಕಾಯ್ದೆಯ ಎರಡನೆಯ ಸೆಕ್ಷನ್ ತೆಗೆದು ನೋಡಿದರೆ, ಬ್ರಿಟನ್ನಿನ ಕಾಯ್ದೆಯ ಅದೇ ವಾಕ್ಯ ಹೆಚ್ಚುಕಡಿಮೆ ಹಾಗೆಯೇ ಸಿಗುತ್ತದೆ: ಗುಂಡು ಹಾರಿಸುವಾಗಿನ ಸದ್ದನ್ನು ಅಥವಾ ಬೆಳಕನ್ನು ತಗ್ಗಿಸಲು ರೂಪಿಸಿದ ಉಪಕರಣವೂ ಬಂದೂಕೇ. ಒಂದೇ ಕಾನೂನು ಪರಂಪರೆಯ ಎರಡು ಕವಲುಗಳು ಇವು. ಅಂದರೆ ಪರವಾನಗಿ ಇಲ್ಲದೆ ಬರಿಯ ಸೈಲೆನ್ಸರ್ ಇಟ್ಟುಕೊಂಡರೂ, ಜೊತೆಗೆ ಕೋವಿ ಇಲ್ಲದಿದ್ದರೂ, ಪರವಾನಗಿಯಿಲ್ಲದ ಬಂದೂಕು ಇಟ್ಟುಕೊಂಡ ಅಪರಾಧವೇ.

ಬೇಟೆಯ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ನಿಷೇಧಿಸಿದೆ. ಮನುಷ್ಯರಿಗೋ ಬೆಳೆಗೋ ಅಪಾಯ ತಂದ ಪ್ರಾಣಿಯ ವಿಷಯದಲ್ಲಿ ಮಾತ್ರ ಅಧಿಕಾರಿಗಳು ಲಿಖಿತ ಆದೇಶ ಕೊಡಬಹುದು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಇರುವ ಕೋವಿ ಪರವಾನಗಿಯ ವಿನಾಯಿತಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಆ ವಿನಾಯಿತಿ ಕೋವಿ ಹೊಂದುವುದಕ್ಕೆ, ಬೇಟೆಯಾಡುವುದಕ್ಕಲ್ಲ. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು ಹಾರಿಸುವ ವಾಡಿಕೆ. ಬೆಟ್ಟದಾಚೆಯ ಮನೆಗೆ ಸುದ್ದಿ ಮುಟ್ಟುವುದು ಆ ಸದ್ದಿನಿಂದಲೇ.

ಹೊರದೇಶದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಯಾರಾದರೂ ಬೇಟೆಯ ಹವ್ಯಾಸ ಬೆಳೆಸಿಕೊಂಡಿದ್ದರೆ ಅವರಿಗೊಂದು ಮಾತು. ಆಸ್ಲೋದ ಅಂಗಡಿಯಲ್ಲಿ ಯಾವ ಕಾಗದವನ್ನೂ ತೋರಿಸದೆ ಕೊಂಡ ಅದೇ ಕೊಳವೆ, ರಜೆಗೆ ಊರಿಗೆ ಹೊರಟಾಗ ಚೀಲದ ಮೂಲೆಯಲ್ಲಿ ಮರೆತು ಉಳಿದರೆ, ದೇವನಹಳ್ಳಿಯ ಕಸ್ಟಮ್ಸ್ ಮೇಜಿನ ಮೇಲೆ ಬಂದೂಕಿನ ಅಕ್ರಮ ಆಮದಾಗುತ್ತದೆ. ಹೊರಡುವ ಮುನ್ನ ಚೀಲವನ್ನು ಒಮ್ಮೆ ಪೂರ್ತಿ ಬರಿದು ಮಾಡಿ ನೋಡಿಕೊಳ್ಳಿ.